ಜೋಡಿಯ ಮಾತು

ನನ್ನ ಹಟಮಾರಿ ತಂಗಿ ಸೆಲಾ,

ಎದುರಿಗೆ ನಿಂತು ಹೇಳಲು ಬಂದರೆ ನೀನು ನಗಿಸುತ್ತೀಯ, ಇಲ್ಲವೇ ಅಳುತ್ತೀಯ. ಎರಡಕ್ಕೂ ನಾನು ಕರಗಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಅರ್ಧಕ್ಕೇ ಹರಿದು ಹಾಕಬೇಡ.

ಬರುವ ಶನಿವಾರ ನ್ಯೂಕಾಸಲ್‌ನಲ್ಲಿ ನಿನ್ನ ಕಿಕ್‌ಬಾಕ್ಸಿಂಗ್ ಪಂದ್ಯ. ಚಿಕ್ಕಮ್ಮ ಚರ್ಚಿನವರಿಗೆಲ್ಲ ಬಸ್ಸು ಗೊತ್ತುಮಾಡಿದ್ದಾಳೆ. ನಮ್ಮ ಮೌಂಟ್ ಡ್ರೂಯಿಟ್ ಬಡಾವಣೆಯ ಟೊಂಗಾದವರಲ್ಲಿ ಅರ್ಧ ಜನ ಕೆಂಪು ಅಂಗಿ ತೆಗೆದಿಟ್ಟುಕೊಂಡು ಕೂತಿದ್ದಾರೆ. ಇವತ್ತು ಸಂಜೆ ಜಿಮ್ಮಿನಲ್ಲಿ ನಮ್ಮ ಕೋಚ್ ಫಾತಾಯ್ ಮಾಮ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದು ಪ್ರಶ್ನೆ ಕೇಳುವವರಿದ್ದಾರೆ. ನಮ್ಮಲ್ಲಿ ಆ ಪ್ರಶ್ನೆ ಕಣಕ್ಕಿಳಿಯುವವಳಿಗಲ್ಲ, ಅವಳ ಜೊತೆ ಅಭ್ಯಾಸ ಮಾಡುವ ಜೋಡಿಗೆ: “ನಿನ್ ಜೋಡಿ ಸರಿಯಾಗಿದಾಳೇನಮ್ಮ?” ಜೋಡಿ ಹೂಂ ಅಂದರೆ ಪಂದ್ಯ, ಊಹೂಂ ಅಂದರೆ ಇಲ್ಲ. ಏಟು ತಿಂದವಳು ತನ್ನ ತಲೆಯ ಬಗ್ಗೆ ನಿಜ ಹೇಳುವುದಿಲ್ಲ, ಎದುರಿಗೆ ನಿಂತವಳಿಗೆ ಗೊತ್ತಿರುತ್ತದೆ ಎನ್ನುವುದು ಅವರ ನಂಬಿಕೆ.

ನನಗೆ ಗೊತ್ತಿದೆ, ಸೆಲಾ.

ಮೊನ್ನೆ ಶನಿವಾರ ಇಬ್ಬರೂ ಒಟ್ಟಿಗೇ ನುಗ್ಗಿ ತಲೆಗೆ ತಲೆ ಬಡಿಯಿತಲ್ಲ, ನಾನು ಕುಸಿದು ಕೂತೆ, ನೀನು ನಿಂತೇ ಇದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದ ಮೇಲೆ ಮತ್ತೆ ಶುರುಮಾಡಿದೆವು. ಆ ಸುತ್ತಿನ ನಡುವೆಯೇ ನೀನು ಕೈ ಇಳಿಸಿ, ನಗುತ್ತಾ, ಎರಡೂ ಗ್ಲೌಸು ಮುಂದೆ ಚಾಚಿದೆ. ಸುತ್ತು ಶುರುವಾಗುವಾಗ ಮುಟ್ಟಿಸುತ್ತೇವಲ್ಲ, ಹಾಗೆ. ಅದನ್ನು ನಾವು ಆಗಲೇ ಮುಟ್ಟಿಸಿ ಆಗಿತ್ತು. “ಏನೇ ಇದು, ಪಾದ್ರಿ ಮುಂದೆ ನಿಂತಂಗೆ ಇಷ್ಟೊಂದ್ ಮರ್ಯಾದೆ!” ಎಂದು ಹಿಂದಿನಿಂದ ಯಾರೋ ಕೂಗಿದರು. ಜಿಮ್ಮಿಗೆ ಜಿಮ್ಮೇ ನಕ್ಕಿತು, ನೀನೂ ನಕ್ಕೆ. ಆದರೆ ನಿನ್ನ ಕಣ್ಣು ನನ್ನ ಮುಖದಲ್ಲಿ ಏನನ್ನೋ ಹುಡುಕುತ್ತಿತ್ತು. ಸುತ್ತು ನಡೆಯುತ್ತಿದೆ ಎನ್ನುವುದೇ ನಿನಗೆ ತಿಳಿದಿರಲಿಲ್ಲ.

ನಿನ್ನೆ ಚರ್ಚಿನಿಂದ ಬಂದ ಮೇಲೆ ಚಿಕ್ಕಮ್ಮ ಕೆಸುವಿನೆಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ಲೂ ಬಡಿಸಿದಳು. ನೀನು ಬೆಳಕು ತಾಳಲಾರದೆ ಕಿಟಕಿಗೆ ಬೆನ್ನು ಹಾಕಿ, ತಲೆಯ ಮೇಲೆ ಟವೆಲ್ ಎಳೆದುಕೊಂಡು ಕೂತೆ. ಎರಡು ತುತ್ತು ತಿಂದು ಹಿತ್ತಿಲಿಗೆ ಓಡಿದೆ. ವಾಂತಿ ಮಾಡಿ ಬಾಯಿ ತೊಳೆದುಕೊಂಡು, ಬೆನ್ನು ಸವರುತ್ತಿದ್ದ ನನ್ನ ಕೈ ಹಿಡಿದೆ. “ತಲೆನೋವು ಯಾರಿಗ್ ಬರಲ್ಲ ಅಕ್ಕ? ನಾಳೆ ಒಂದೇ ಒಂದ್ ಹೂಂ ಅಂದ್ಬಿಡು, ನಿನ್ ದಮ್ಮಯ್ಯ. ಇಲ್ಲ ಅಂದ್ಯೋ, ನಾನ್ ನಿನ್ ತಂಗೀನೇ ಅಲ್ಲ.”

ಈ ಪಂದ್ಯ ನಿನಗೆ ಏನೆಂದು ನನಗೆ ಹೇಳಬೇಕೆ? ಕೋಳಿ ಕಾರ್ಖಾನೆಯ ಪಾಳಿ ಮುಗಿಸಿ, ಬೆರಳು ಮರಗಟ್ಟಿದ್ದರೂ ಬಂದು ಚೀಲ ಗುದ್ದಿದ್ದೀಯ. ಹೋದ ವರ್ಷ ಮಂಡಿ ಕೈಕೊಟ್ಟಿತು. ಇನ್ನೊಂದು ಅವಕಾಶ ಸಿಗುತ್ತದೋ ಇಲ್ಲವೋ ದೇವರೇ ಬಲ್ಲ. ಪಂದ್ಯಕ್ಕೆ ಮುಂಚೆ ನ್ಯೂಕಾಸಲ್‌ನ ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು ಹೆಸರು, ತಾರೀಖು ಕೇಳುತ್ತಾರೆ. ನೀನು ಚೆನ್ನಾಗಿ ಬಾಯಿಪಾಠ ಮಾಡಿಕೊಂಡು ಹೋಗುತ್ತೀಯ. ಆಮೇಲೆ ಅದೇ ತಲೆಗೆ ಇನ್ನೊಂದು ಒದೆ ಬಿದ್ದರೆ? ಮೂಲೆಯಲ್ಲಿ ನಿಂತು ನಾನು ಪಂದ್ಯ ನಿಲ್ಲಿಸಿ ಎಂದು ಟವೆಲ್ ಎಸೆಯುವಷ್ಟರಲ್ಲಿ ನೀನು ಏಳದಂತೆ ಮಲಗಿಬಿಟ್ಟಿದ್ದರೆ?

ಸಂಜೆಯವರೆಗೆ ನಾನು ಕಾಯಲಿಲ್ಲ. ಅಷ್ಟು ಜನರ ಎದುರಿಗೆ, ನೀನು ನನ್ನನ್ನೇ ನೋಡುತ್ತಿರುವಾಗ ಉತ್ತರ ಹೇಳುವುದು ಬೇಡವೆಂದು ನನಗನಿಸಿತು. ಈಗಷ್ಟೇ ಮಾಮನ ಟೈರ್ ಅಂಗಡಿಗೆ ಬಂದು ಊಹೂಂ ಅಂದೆ. ಅವರು ಕೈಯಲ್ಲಿದ್ದ ಪಾನಾ ಕೆಳಗಿಟ್ಟರು. “ಖಾತ್ರೀನಾ, ಲೂಪೆ?” “ಖಾತ್ರಿ ಮಾಮ.” ಮತ್ತೊಂದು ಮಾತು ಕೇಳದೆ ನ್ಯೂಕಾಸಲ್‌ಗೆ ಫೋನ್ ಮಾಡಿ ಪಂದ್ಯದಿಂದ ನಿನ್ನ ಹೆಸರು ತೆಗೆಸಿದರು. ಈ ಕಾಗದ ತಂದುಕೊಡುವವರೂ ಅವರೇ. ನೀನು ಇದನ್ನು ಓದುವಾಗ ಕಾರು ನಿಲ್ಲಿಸಿಕೊಂಡು ಹೊರಗೆ ಕಾಯುತ್ತಿರುತ್ತಾರೆ, ಆಗಲೇ ಅವರ ಜೊತೆ ಆಸ್ಪತ್ರೆಗೆ ಹೋಗು.

ನನ್ನ ಮೇಲೆ ಸಿಟ್ಟು ಮಾಡಿಕೋ. ಮಾತು ಬಿಡು. ನಿನ್ನ ಕೂದಲು ನೆರೆಯುವವರೆಗೂ, ಹಲ್ಲೆಲ್ಲ ಉದುರುವವರೆಗೂ ಬಿಡು. ಮೊಮ್ಮಕ್ಕಳನ್ನು ಕೂರಿಸಿಕೊಂಡು, ಈ ಮುದುಕಿಯೇ ನನ್ನ ಪಂದ್ಯ ತಪ್ಪಿಸಿದ್ದು ಎಂದು ನನ್ನತ್ತ ಬೆರಳು ಮಾಡು. ಅಷ್ಟು ವರ್ಷ ನೀನು ನನ್ನನ್ನು ಬೈಯುತ್ತಾ ಇದ್ದರೆ ನನಗೆ ಸಾಕು.

ದೇವರು ನಿನ್ನ ತಲೆ ಕಾಯಲಿ.

ಇವತ್ತಿಗೂ ನಿನ್ನ ಜೋಡಿ,
ಲೂಪೆ