ಹೊರಗೆ ಯಾರಾದ್ರೂ ಇದ್ದೀರಾ?

ಭಾನುವಾರ, ಮಧ್ಯಾಹ್ನ

ಮಾನ್ಯ ಅಧ್ಯಕ್ಷೆಯಾದ ನನ್ನ ಪುಟ್ಟಿಗೆ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ತಡವಾದದ್ದಕ್ಕೆ ಅಪ್ಪನನ್ನು ಬೈಯಬೇಡ. ಅಂಗಡಿಯಲ್ಲಿ ಕೈತುಂಬ ಕೆಲಸ ಎಂದು ಬರೆಯೋಣವೆಂದುಕೊಂಡೆ, ಆದರೆ ನೀನು ನಂಬುವುದಿಲ್ಲ. ಊರಿನವರ ಕಣ್ಣೆಲ್ಲ ಒಂದೇ ಸಲ ಕೆಟ್ಟು ನನ್ನ ಕನ್ನಡಕದ ಅಂಗಡಿಗೆ ನುಗ್ಗುವುದುಂಟೇ? ಬರೆಯಲು ಕೂತರೆ ಮನಸ್ಸು ಎಲ್ಲೋ ಹೋಗಿಬಿಡುತ್ತಿತ್ತು, ಅಷ್ಟೇ.

ನೀನು ಗೆದ್ದ ಸುದ್ದಿಯನ್ನು ಕಂಡಕಂಡವರಿಗೆಲ್ಲ ಹೇಳಿದ್ದೇನೆ. "ಅಧ್ಯಕ್ಷೆ ಅಂದ್ರೆ ಕಾರು ಕೊಡ್ತಾರಾ?" ಎಂದು ಪಕ್ಕದ ಅಂಗಡಿಯ ದರ್ಜಿ ಕೇಳಿದ. "ಕಾರಲ್ಲಪ್ಪಾ, ತಲೆನೋವು ಕೊಡ್ತಾರೆ" ಎಂದೆ.

ನಿಮ್ಮ ವಿದ್ಯಾರ್ಥಿ ಸಂಘದ ಹಳೆಯ ಕಥೆ ಬರೆದು ಕಳಿಸು ಎಂದಿದ್ದೀಯ. ನಾನು ವಿಶ್ವವಿದ್ಯಾಲಯದಲ್ಲಿ ಓದಿದವನಲ್ಲ. ಆದರೂ ಅಲ್ಲೇ ಓದಿದ ನಿನ್ನಮ್ಮನ ಬಾಯಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದೆ. ಸಂಘ ಹುಟ್ಟಿದ್ದು ಯಾವ ದೊಡ್ಡ ಧ್ಯೇಯಕ್ಕೂ ಅಲ್ಲ. ಗ್ರಂಥಾಲಯಕ್ಕೆ ಹಗಲಿರುವಾಗಲೇ ಬೀಗ ಬೀಳುತ್ತಿತ್ತು, ಅದಕ್ಕೆ. ಬೀಗ ತೆಗೆಸಿದರು. ಆಮೇಲೆ ಹಾಸ್ಟೆಲಿನ ನೀರು, ತಡವಾಗುವ ಫಲಿತಾಂಶ, ಏರುವ ಶುಲ್ಕ, ಒಂದೊಂದಕ್ಕೂ ಆಡಳಿತದವರ ಬೆನ್ನು ಬಿದ್ದು ಕೆಲಸ ಮಾಡಿಸಿಕೊಂಡರು. ಆದರೆ ಮೊದಲ ಸಭೆಗೆ ಹುಡುಗರು ಒಳಗಿನಿಂದ ಬಾಗಿಲು ಹಾಕಿಕೊಂಡಿದ್ದರು. ಹುಡುಗಿಯರ ಪ್ರತಿನಿಧಿಗಳು ಹೊರಗೇ ನಿಂತು ವಾಪಸು ಹೋದರು. ಅವರಲ್ಲಿ ನಿನ್ನಮ್ಮನೂ ಒಬ್ಬಳು.

ಮುಂದೆ ಅವಳೇ ಅಧ್ಯಕ್ಷೆಯಾದಳು. ಕುರ್ಚಿಯಲ್ಲಿ ಕೂರುವ ಮೊದಲು ಬಾಗಿಲು ಪೂರ್ತಿ ತೆರೆದು, "ಹೊರಗೆ ಯಾರಾದ್ರೂ ಇದ್ದೀರಾ? ಒಳಗೆ ಬನ್ನಿ, ಜಾಗ ಇದೆ" ಎಂದು ಕೂಗಿದಳು. ಆಗ ನನ್ನ ಅಂಗಡಿ ವಿಶ್ವವಿದ್ಯಾಲಯದ ಗೇಟಿನ ಎದುರಿಗೇ ಇತ್ತು. ರಿಪೇರಿಯಾದ ಅವಳ ಕನ್ನಡಕ ಕೊಡಲು ಬಂದು ಹೊರಗೆ ನಿಂತಿದ್ದೆ. ಕರೆದರಲ್ಲ ಎಂದು ಒಳಗೆ ಹೋಗಿ ಕೂತೆ. ಹಾಸ್ಟೆಲಿನ ನೀರಿನ ವಿಷಯಕ್ಕೆ ಎಲ್ಲರೊಡನೆ ಕೈಯನ್ನೂ ಎತ್ತಿಬಿಟ್ಟೆ!

"ನೀವು ಯಾವ ವಿಭಾಗದವ್ರು?" ಎಂದಳು.

"ಕನ್ನಡಕದ ವಿಭಾಗ ಮೇಡಂ."

ಸಭೆಗೆ ಸಭೆಯೇ ನಕ್ಕಿತು. ಅವಳು ಎಲ್ಲರಿಗಿಂತ ಹೆಚ್ಚು ನಕ್ಕಳು. ಆ ನಗುವಿನಿಂದಲೇ ನೀನು ಹುಟ್ಟಿದ್ದು ಎಂದರೂ ತಪ್ಪಿಲ್ಲ.

ಆಮೇಲಿನ ಅಧ್ಯಕ್ಷರೆಲ್ಲ ಹಾಗೆಯೇ ಬಾಗಿಲು ತೆರೆದು ಕೂಗಿದರು, ಆಡಳಿತದವರು ಸಂಘವನ್ನೇ ಮುಚ್ಚುವ ತನಕ. ಇಷ್ಟು ವರ್ಷದ ಮೇಲೆ ನೀವು ಮತ್ತೆ ತೆರೆಯುತ್ತಿದ್ದೀರಿ. ಮೊದಲ ಸಭೆಗೆ ಅಮ್ಮನೇ ಬಂದು ಕೂಗಲಿ ಎಂದಿದ್ದೀಯ. ಅದನ್ನು ಓದಿ ಪತ್ರ ಮಡಿಸಿ ಜೇಬಿನಲ್ಲಿಟ್ಟುಕೊಂಡೆ.

ಅವಳಿಗೆ ಮರೆವು ಎಂದು ಫೋನಿನಲ್ಲಿ ಹೇಳಿದ್ದೆ. ಹಗಲೆಲ್ಲ ಕಿಟಕಿಯ ಬಳಿ ಕೂತು ಎಲ್ಲೋ ತೇಲುತ್ತಿರುತ್ತಾಳೆ. ಸಂಜೆಯ ಬಿಸಿಲು ಗೋಡೆ ಹತ್ತಿದಾಗ ಎದ್ದು ಊಟದ ಮೇಜಿನ ಕುರ್ಚಿಗಳನ್ನು ಸಾಲಾಗಿ ಇಡುತ್ತಾಳೆ. ಗ್ರಂಥಾಲಯದ ಬೀಗದ ಮಾತು ಬರುತ್ತದೆ. ಪರದೆ ಅಲುಗಾಡಿದರೆ "ಒಬ್ಬೊಬ್ಬರೇ ಮಾತಾಡಿ" ಎನ್ನುತ್ತಾಳೆ. ನಾನು ಹಿಂದಿನ ಕುರ್ಚಿಯಲ್ಲಿ ಕೂತು ಎಲ್ಲದಕ್ಕೂ ಕೈ ಎತ್ತುತ್ತೇನೆ. ಆ ಹೊತ್ತಿನಲ್ಲಿ ಮನೆಯ ಗೋಡೆಗಳೆಲ್ಲ ದೂರ ಸರಿದು, ಯಾವುದೋ ದೊಡ್ಡ ಸಭಾಂಗಣದಲ್ಲಿ ಇದ್ದೇವೆ ಅನಿಸುತ್ತದೆ. ನಿಜ ಹೇಳಲೇ? ನನಗದು ಹಿತವಾಗಿಯೇ ಇದೆ.

ಅಷ್ಟು ದೂರದ ಪ್ರಯಾಣ, ಅಷ್ಟು ಜನ, ಅವಳಿಗೆ ಆದೀತೇ ಎಂದು ಯೋಚಿಸುತ್ತಿದ್ದೇನೆ.

ಸಭೆ ಎಂದು ಊಟ ಬಿಡಬೇಡ. ಸೋತವರನ್ನೂ ಜೊತೆಗೆ ಇಟ್ಟುಕೋ. ನೀನು ಕೂತ ಕುರ್ಚಿ ನಿನ್ನ ತಲೆಗೆ ಏರದಿರಲಿ, ನಿನಗೆ ಎಲ್ಲವೂ ಒಳ್ಳೆಯದಾಗಲಿ ಮಗಳೇ.

ನಿನ್ನ
ಅಪ್ಪ

ತಾ.ಕ.: ಪತ್ರ ಮಡಿಸಿಟ್ಟವನು ಮತ್ತೆ ಬಿಚ್ಚಿದೆ. ಮೊನ್ನೆ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದಾಗ ಅಮ್ಮ ಬಾಗಿಲು ತೆರೆದು ಅದೇ ಮಾತು ಕೂಗುತ್ತಿದ್ದಳು. ನನ್ನನ್ನು ನೋಡಿ, "ನೀವು ಯಾವ ವಿಭಾಗದವ್ರು?" ಎಂದಳು. ತಮಾಷೆ ಎಂದುಕೊಂಡು ನಗುತ್ತಾ "ಕನ್ನಡಕದ ವಿಭಾಗ ಮೇಡಂ" ಎಂದೆ. ಅವಳು ನಗಲಿಲ್ಲ. "ಪರವಾಗಿಲ್ಲ, ಬನ್ನಿ, ಕೂತ್ಕೊಳ್ಳಿ" ಎಂದಳು. ಅಂದಿನಿಂದ ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಾಳೆ. ನಿನ್ನ ಫೋಟೋ ತೋರಿಸುವ ಧೈರ್ಯ ನನಗೆ ಬಂದಿಲ್ಲ.

ಆದರೂ ಅವಳನ್ನು ಸಭೆಗೆ ಕರೆದುಕೊಂಡು ಬರುತ್ತೇನೆ. ಆ ದಿನ ಅಧ್ಯಕ್ಷೆ ಎಂದು ನೀನು ಮೊದಲೇ ಒಳಗೆ ಹೋಗಿ ಕೂರಬೇಡ. ಬಾಗಿಲ ಹೊರಗೆ ನನ್ನ ಪಕ್ಕ ನಿಂತಿರು. ಅವಳು ಕೂಗುತ್ತಾಳೆ. ಇಬ್ಬರೂ ಒಳಗೆ ಹೋಗೋಣ.