ಹೆಚ್ಚಿಗೆ ಇದ್ದ ಮಾತ್ರೆ

ಅರ್ಧ ಡಾಕ್ಟರಾಗಿರುವ ನನ್ನ ಅಕ್ಕನಿಗೆ,

ಫೋನ್ ಮಾಡಿದರೆ ವಾದಕ್ಕೆ ನಿಲ್ಲುತ್ತೀಯ, ಅದಕ್ಕೇ ಪತ್ರ. “ಇಬ್ಬರಿಗೂ ಬಿಪಿ ತಾನೇ, ನಂದೇ ತಗೋ, ಹೆಚ್ಚಿಗೆ ಇದೆ” ಎಂದು ನೀನು ಕೊಟ್ಟ ಮಾತ್ರೆಯನ್ನು ನಾಲ್ಕು ದಿನ ನುಂಗಿದೆ. ಈ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಓಡಿಸಲು ಹೋದರೆ, ಸೀಟಿಗಿಂತ ಮೊದಲು ನನ್ನ ಎದೆಯೇ ಸೀಟಿ ಹೊಡೆಯಿತು.

ಈಗ ಆರಾಮಾಗಿದ್ದೇನೆ. ಆದರೆ ಡಾಕ್ಟರಮ್ಮ ಚೆನ್ನಾಗಿ ಬೈದರು. ನಿನ್ನ ಮಾತ್ರೆ ಎದೆಬಡಿತವನ್ನು ನಿಧಾನ ಮಾಡಿ ಬಿಪಿ ಇಳಿಸುತ್ತದಂತೆ. ನನ್ನಂಥ ಉಬ್ಬಸದವರಿಗೆ ಉಸಿರನ್ನೂ ಬಿಗಿಯಬಹುದಂತೆ. ನನಗೆ ರಕ್ತನಾಳ ಸಡಿಲಿಸುವ ಬೇರೆ ಮಾತ್ರೆ ಕೊಟ್ಟಿದ್ದಾರೆ. ಪಾದ ಊದಿದರೆ ಬಂದು ಹೇಳಬೇಕಂತೆ.

“ನಿಮ್ಮಕ್ಕ ಇದನ್ನ ದಿಢೀರಂತ ನಿಲ್ಲಿಸಿಲ್ಲ ತಾನೇ? ಹೃದಯಕ್ಕೇ ಹೊಡೆತ ಬೀಳಬಹುದು” ಎಂದರು. “ಅವಳು ಬಲು ಶಿಸ್ತು” ಎಂದು ಜಂಬದಿಂದಲೇ ಹೇಳಿ ನೀನು ಕೊಟ್ಟ ಸ್ಟ್ರಿಪ್ಪನ್ನು ತಿರುಗಿಸಿದೆ. ಪ್ರತಿ ಮಾತ್ರೆಯ ಹಿಂದೆಯೂ ನಿನ್ನ ಕೈಬರಹದಲ್ಲಿ, ನೀನು ನುಂಗಬೇಕಿದ್ದ ಈ ವಾರದ ತಾರೀಖು.

ಹೆಚ್ಚಿಗೆ ಇರಲಿಲ್ಲ, ಅಲ್ವಾ?

ಪತ್ರ ತಂದ ಟ್ಯಾಕ್ಸಿಯನ್ನು ವಾಪಸ್ ಕಳಿಸಬೇಡ. ಚಪ್ಪಲಿ ಮೆಟ್ಟಿಕೊಂಡು ಅದರಲ್ಲೇ ಬಾ. ಡಾಕ್ಟರಮ್ಮನ ಬಾಗಿಲಲ್ಲಿ ನಿನ್ನ ಟೋಕನ್ ಹಿಡಿದು ಕೂತಿದ್ದೇನೆ.

ಇದೊಂದು ಬಿಟ್ಟು ನಿನ್ನ ಮಾತನ್ನೆಲ್ಲ ಕೇಳುವ,
ತಂಗಿ