ಅಕ್ಕನನ್ನು ಬಿಡಬೇಕೆಂಬ ಆದೇಶದ ಕುರಿತು

ಕ್ಲಿಯರ್‌ವಾಟರ್, ಫ್ಲಾರಿಡಾ

ನಮ್ಮ ಪಂಥದ ಶಿಸ್ತಿನ ಅಧಿಕಾರಿಗಳಾದ ಶ್ರೀಮಾನ್ ಹ್ಯಾಸ್ಕೆಲ್ ಅವರ ಸನ್ನಿಧಿಗೆ,

ಪಾಠ ತಲೆಗೆ ಹತ್ತದೆ ಅಳುತ್ತ ಕೂತಿದ್ದ ಹೊಸಬಳೊಬ್ಬಳಿಗೆ ನನ್ನ ಅಕ್ಕ ಲೊರೇನ್ ನಮ್ಮ ಪಂಥದ ಸ್ಥಾಪಕರ ಮಾತನ್ನು ತನ್ನದೇ ಸುಲಭ ಮಾತಿನಲ್ಲಿ ಹೇಳಿಕೊಟ್ಟಳು. ಪಾಠ ತಿರುಚಿದ ಘೋರಾಪರಾಧಕ್ಕೆ ಅವಳನ್ನು ಹೊರಗಟ್ಟಿದಿರಿ. ಇನ್ನು ಅವಳ ಮುಖ ನೋಡಕೂಡದೆಂದು ನನಗೂ ಆದೇಶವಾಯಿತು.

ನಾನು ಒಪ್ಪಲಿಲ್ಲ. "ಒಪ್ಪಿಗೆ ಆಗ್ತಿಲ್ಲ ಅಂದ್ರೆ ಯಾವ್ದೋ ಪದ ನಿಮಗೆ ಅರ್ಥ ಆಗಿಲ್ಲ ಕಣ್ರೀ, ಡಿಕ್ಷನರಿ ನೋಡಿ" ಅಂದಿರಿ. ಮೂರು ದಿನ ನೋಡಿದೆ. 'ಮತ್ತು' ಎಂಬ ಪದದಲ್ಲೂ ಈಗ ನಾನು ಪಂಡಿತೆ. ಒಪ್ಪಿಗೆ ಮಾತ್ರ ಆಗಲಿಲ್ಲ.

ಹಾಗಾದರೆ ಪಾಠ ಅರ್ಥವಾಯಿತೇ ಎಂದು ನೋಡುವ ನಮ್ಮ ಪದ್ಧತಿಯಂತೆ, ಆದೇಶವನ್ನು ಜೇಡಿಮಣ್ಣಿನ ಗೊಂಬೆಗಳಲ್ಲಿ ಮಾಡಿ ತೋರಿಸಿ ಎಂದಿರಿ. ಮಾಡಿದೆ. "ಇವರಿಬ್ರೂ ಅಕ್ಕ ತಂಗಿ, ಸರಿ. ಮಧ್ಯ ನಿಂತಿರೋ ಈ ಡೊಳ್ಳುಹೊಟ್ಟೆ ಯಾರ್ರೀ?" ಎಂದು ಕೇಳಿದಿರಿ. "ತಾವೇ ಸಾರ್" ಅಂದೆ. ಫೇಲ್ ಮಾಡಿದಿರಿ.

ಸ್ವಾಮಿ, ಗುರುವಾರ ಅಕ್ಕನ ಎದೆಯ ಆಪರೇಷನ್. ಅವಳಿಗಿರುವುದು ನಾನೊಬ್ಬಳೇ. ಅವಳು ಕಣ್ಣು ತೆರೆದಾಗ ನಾನು ಎದುರಿಗಿರುತ್ತೇನೆ. ಆದ್ದರಿಂದ ಬಹಿಷ್ಕಾರದ ಹಾಳೆಯನ್ನು ಗೋಡೆಗೆ ಅಂಟಿಸುವ ಮುನ್ನ ನನ್ನ ಹೆಸರನ್ನೂ ಸೇರಿಸಿ. ಎಲ್ಲೋ ಕೆಳಗೆ ಬೇಡ, ಅವಳ ಹೆಸರಿನ ಪಕ್ಕದಲ್ಲೇ.

ಲೊರೇನಳ ತಂಗಿ,
ಮಾರ್ಲಾ ಪ್ರುಯಿಟ್